ರೋಲರ್ ಸ್ಕೇಟಿಂಗ್ ಕಲಿಯುತ್ತಿರುವ ಮಗು ಐಎಸ್‌ಯು ಸ್ಪರ್ಧೆಗೆ ಹೋಗಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕೊಪ್ಪಳದಲ್ಲಿ ರೋಲರ್ ಸ್ಕೇಟಿಂಗ್ ಕಲಿಯುತ್ತಿರುವ ನಿಮ್ಮ ಹನ್ನೊಂದು ವರ್ಷದ ಮಗಳಿಗೆ ಚಳಿಗಾಲದ ಒಲಿಂಪಿಕ್ಸ್ ನೋಡಿ ಐಸ್ ಮೇಲೆ ಓಡುವ ಆಸೆ ಹುಟ್ಟಿದೆ. ಅದಕ್ಕಾಗಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟಕ್ಕೆ, ಅಂದರೆ ಐಎಸ್‌ಯುಗೆ, ನೇರವಾಗಿ ಅರ್ಜಿ ಹಾಕಬಹುದೇ, ಆ ಸಂಸ್ಥೆಯನ್ನು ನಂಬಬಹುದೇ, ನಮ್ಮ ಬಿಸಿಲುನಾಡಿನಲ್ಲಿದ್ದುಕೊಂಡು ಇಂಥ ಆಸೆಗೆ ನೀರೆರೆಯುವುದು ಸರಿಯೇ ಎಂದು ಕೇಳಿದ್ದೀರಿ. ಬಳ್ಳಾರಿಯಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಹೇಳಿಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಅರ್ಜಿ ಹಾಕಲು ಬರುವುದಿಲ್ಲ. ಆದರೆ ಆಸೆಗೆ ನೀರೆರೆಯಬಹುದು, ಎರೆಯಬೇಕು ಕೂಡ.

ಮೊದಲು ಯಾವ ಆಟ ಯಾರ ಕೈಯಲ್ಲಿದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಪೋಷಕರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಮ್ಮ ಮಗಳು ಈಗ ಆಡುತ್ತಿರುವ, ಚಕ್ರದ ಬೂಟಿನ ಆಟವನ್ನು ಜಗತ್ತಿನ ಮಟ್ಟದಲ್ಲಿ ನಡೆಸುವುದು ವರ್ಲ್ಡ್ ಸ್ಕೇಟ್ ಎಂಬ ಬೇರೆಯೇ ಸಂಸ್ಥೆ. ಭಾರತದಲ್ಲಿ ಅದಕ್ಕೆ ಸೇರಿರುವುದು ರೋಲರ್ ಸ್ಕೇಟಿಂಗ್ ಫೆಡರೇಷನ್ ಆಫ್ ಇಂಡಿಯಾ. ಐಎಸ್‌ಯು ನೋಡಿಕೊಳ್ಳುವುದು ಐಸ್ ಮೇಲಿನ ಸ್ಕೇಟಿಂಗನ್ನು ಮಾತ್ರ: ಫಿಗರ್ ಸ್ಕೇಟಿಂಗ್, 400 ಮೀಟರ್ ಸುತ್ತಿನ ಸ್ಪೀಡ್ ಸ್ಕೇಟಿಂಗ್, 111.12 ಮೀಟರ್ ಸುತ್ತಿನ ಶಾರ್ಟ್ ಟ್ರ್ಯಾಕ್, ತಂಡವಾಗಿ ಆಡುವ ಸಿಂಕ್ರೊನೈಸ್ಡ್ ಸ್ಕೇಟಿಂಗ್. ಐಸ್ ಹಾಕಿ ಕೂಡ ಅದರದ್ದಲ್ಲ, ಅದಕ್ಕೆ ಪ್ರತ್ಯೇಕ ಒಕ್ಕೂಟವಿದೆ. ವರ್ಲ್ಡ್ ಸ್ಕೇಟ್ ಮತ್ತು ಐಎಸ್‌ಯು ಎರಡರ ಕಚೇರಿಯೂ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿಯೇ ಇದ್ದರೂ ಒಂದರ ಪದಕ ಇನ್ನೊಂದರಲ್ಲಿ ಅರ್ಹತೆಯಾಗಿ ನಡೆಯುವುದಿಲ್ಲ.

ಐಎಸ್‌ಯು ಹುಟ್ಟಿದ್ದು 1892ರಲ್ಲಿ, ನೆದರ್ಲೆಂಡ್ಸ್‌ನ ಸ್ಕೆವೆನಿಂಗನ್ ಎಂಬ ಕಡಲ ತೀರದ ಊರಿನಲ್ಲಿ. ಚಳಿಗಾಲದ ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಇದೇ ಅತ್ಯಂತ ಹಳೆಯದು. ಇದರ ಸದಸ್ಯರು ಆಟಗಾರರಲ್ಲ, ಆಯಾ ದೇಶದ ರಾಷ್ಟ್ರೀಯ ಸಂಘಗಳು. ನಮ್ಮ ದೇಶದಿಂದ ಸದಸ್ಯತ್ವ ಪಡೆದಿರುವುದು ಐಸ್ ಸ್ಕೇಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ. ಜಗತ್ತಿನ ಯಾವುದೇ ಐಎಸ್‌ಯು ಸ್ಪರ್ಧೆಗೆ ಹೆಸರು ಕಳುಹಿಸುವ ಅಧಿಕಾರ ಈ ಸಂಘಕ್ಕೆ ಮಾತ್ರ ಇದೆ. ಹೀಗಾಗಿ ನೀವು ಲೊಸಾನ್‌ಗೆ ಎಷ್ಟೇ ಚೆನ್ನಾಗಿ ಪತ್ರ ಬರೆದರೂ, ಎಷ್ಟೇ ಪ್ರಮಾಣಪತ್ರ ಲಗತ್ತಿಸಿದರೂ, ರಾಷ್ಟ್ರೀಯ ಸಂಘವನ್ನು ಸಂಪರ್ಕಿಸಿ ಎಂಬುದಕ್ಕಿಂತ ಬೇರೆ ಉತ್ತರ ಬರಲಾರದು. ಐಎಸ್‌ಯುಗೆ ನೇರವಾಗಿ ಹೆಸರು ಸೇರಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ನಂಬಬಹುದೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿದರೆ ಸಾಲದು. ಒಂದು ಆಟಕ್ಕೆ ಒಂದೇ ಬಾಗಿಲು ಇರುವಾಗ ಬಾಗಿಲು ಕಾಯುವವರ ಕೈಯಲ್ಲಿ ದೊಡ್ಡ ಅಧಿಕಾರ ಸೇರುತ್ತದೆ, ಮತ್ತು ಐಎಸ್‌ಯು ಆ ಅಧಿಕಾರವನ್ನು ಯಾವಾಗಲೂ ಸರಿಯಾಗಿ ಬಳಸಿಲ್ಲ. 1902ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಫಿಗರ್ ಸ್ಕೇಟಿಂಗ್ ಸ್ಪರ್ಧೆಗೆ ಮ್ಯಾಜ್ ಸೈಯರ್ಸ್ ಎಂಬ ಮಹಿಳೆ ಹೆಸರು ಕೊಟ್ಟರು. ಮಹಿಳೆಯರು ಭಾಗವಹಿಸಬಾರದೆಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲವಾದ್ದರಿಂದ ಅವರನ್ನು ತಡೆಯಲಾಗಲಿಲ್ಲ. ಗಂಡಸರ ನಡುವೆ ಆಡಿ ಅವರು ಎರಡನೆಯ ಸ್ಥಾನ ಪಡೆದರು. ಒಕ್ಕೂಟ ಮರುವರ್ಷವೇ ಮಹಿಳೆಯರನ್ನು ಹೊರಗಿಡುವ ನಿಯಮ ತಂದಿತು, ಕೊನೆಗೆ 1906ರಲ್ಲಿ ಅವರಿಗಾಗಿ ಪ್ರತ್ಯೇಕ ಸ್ಪರ್ಧೆ ಆರಂಭಿಸಿತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರೂ ಇದೇ ಸೈಯರ್ಸ್. ಹೆಣ್ಣುಮಗುವಿನ ತಂದೆಯಾದ ನಿಮಗೆ ಈ ಪ್ರಸಂಗ ಗೊತ್ತಿರಲಿ ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇತ್ತೀಚಿನ ಪ್ರಕರಣ ಇದಕ್ಕಿಂತ ಮುಖ್ಯವಾದದ್ದು. ಐಎಸ್‌ಯು ಅನುಮತಿಯಿಲ್ಲದ ಖಾಸಗಿ ಸ್ಪರ್ಧೆಯಲ್ಲಿ ಓಡಿದ ಸ್ಕೇಟರನ್ನು ಆಜೀವ ನಿಷೇಧಿಸಲು ಅದರ ನಿಯಮಗಳಲ್ಲಿ ಅವಕಾಶವಿತ್ತು. ದುಬೈಯಲ್ಲಿ ದೊಡ್ಡ ಬಹುಮಾನದ ಐಸ್ ಸ್ಪರ್ಧೆಯೊಂದು ನಡೆಯಲಿದ್ದಾಗ ನೆದರ್ಲೆಂಡ್ಸ್‌ನ ಮಾರ್ಕ್ ಟ್ಯೂಟರ್ಟ್ ಮತ್ತು ನೀಲ್ಸ್ ಕೆರ್ಸ್ಟ್‌ಹೋಲ್ಟ್ ಎಂಬ ಇಬ್ಬರು ಸ್ಕೇಟರುಗಳು, ನಮ್ಮ ದುಡಿಮೆಯ ದಾರಿಯನ್ನು ಒಕ್ಕೂಟ ಮುಚ್ಚುತ್ತಿದೆ ಎಂದು ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟರು. ಟ್ಯೂಟರ್ಟ್ 2010ರ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದಿದ್ದವರು. ಆಯೋಗವು 2017ರಲ್ಲಿ ಆ ನಿಯಮಗಳು ಪೈಪೋಟಿಯ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು, 2023ರ ಡಿಸೆಂಬರ್ 21ರಂದು ಯುರೋಪಿಯನ್ ಒಕ್ಕೂಟದ ಅತ್ಯುನ್ನತ ನ್ಯಾಯಾಲಯವೂ ಸ್ಕೇಟರುಗಳ ಪರವಾಗಿಯೇ ನಿಂತಿತು. ನಿಯಮ ಮಾಡುವವರೇ ಸ್ಪರ್ಧೆಯನ್ನೂ ನಡೆಸಿ ಹಣವನ್ನೂ ಗಳಿಸುವಾಗ, ಬೇರೆಯವರ ಸ್ಪರ್ಧೆಗೆ ಅನುಮತಿ ಕೊಡುವ ಬಿಡುವ ವಿಚಾರ ಅವರ ಇಚ್ಛೆಗೆ ಬಿಟ್ಟದ್ದಾಗಿರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇದು ಸ್ಕೇಟಿಂಗಿಗೆ ಮಾತ್ರ ಸೀಮಿತವಾದ ಮಾತಲ್ಲ.

ಐಎಸ್‌ಯು ತನ್ನನ್ನು ತಿದ್ದಿಕೊಂಡ ಉದಾಹರಣೆಗಳೂ ಇವೆ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಅಂಕ ನೀಡುವಲ್ಲಿ ಒಳಒಪ್ಪಂದ ನಡೆದ ಆರೋಪ ಬಂದು ಜೋಡಿ ಸ್ಪರ್ಧೆಯಲ್ಲಿ ಎರಡು ಚಿನ್ನ ಕೊಡಬೇಕಾದಾಗ, ತಲೆಮಾರುಗಳಿಂದ ನಡೆದುಬಂದಿದ್ದ 6.0 ಅಂಕದ ಪದ್ಧತಿಯನ್ನೇ ಒಕ್ಕೂಟ ಕೈಬಿಟ್ಟಿತು. ಹದಿನೈದು ವರ್ಷದ ಕಮಿಲಾ ವಲಿಯೇವಾ 2022ರ ಬೀಜಿಂಗ್ ಕೂಟದಲ್ಲಿ ಉದ್ದೀಪನ ಮದ್ದಿನ ವಿವಾದದ ನಡುವೆ ಜಗತ್ತಿನ ಕಣ್ಣೆದುರು ಕುಸಿದದ್ದನ್ನು ನೀವೂ ನೋಡಿರಬಹುದು. ಅದೇ ವರ್ಷ ಜೂನ್‌ನಲ್ಲಿ ಥಾಯ್ಲೆಂಡಿನ ಪುಕೆಟ್‌ನಲ್ಲಿ ಸೇರಿದ ಮಹಾಸಭೆ, ಫಿಗರ್ ಸ್ಕೇಟಿಂಗಿನ ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು. ಮಕ್ಕಳಿಗೆ ಕಲಿಸುವವನಾಗಿ ನಾನು ಈ ತೀರ್ಮಾನವನ್ನು ಮನಸಾರೆ ಒಪ್ಪುತ್ತೇನೆ. ಹನ್ನೊಂದರ ಮಗುವಿಗೆ ಅವಸರವೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇನ್ನು ಬಿಸಿಲುನಾಡಿನ ಮಾತು. ಅಮೆರಿಕದ ಫ್ಲೋರಿಡಾ ರಾಜ್ಯದ ಒಕಾಲಾ ಎಂಬ ಊರು ಹಿಮ ಬೀಳದ, ಸೆಕೆಯ ಊರು. ಎರಿನ್ ಜ್ಯಾಕ್ಸನ್, ಬ್ರಿಟನಿ ಬೋ, ಜೋಯಿ ಮಾಂಟಿಯಾ ಎಂಬ ಮೂವರೂ ಅಲ್ಲಿ ಇನ್‌ಲೈನ್, ಅಂದರೆ ಒಂದೇ ಸಾಲಿನಲ್ಲಿ ಜೋಡಿಸಿದ, ಚಕ್ರದ ಮೇಲೆ ಬೆಳೆದು ಆಮೇಲೆ ಐಸಿಗೆ ಹೋದವರು. ಜ್ಯಾಕ್ಸನ್ ಕೆಲವೇ ತಿಂಗಳ ಐಸ್ ಅಭ್ಯಾಸದಲ್ಲಿ 2018ರ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದು, 2022ರಲ್ಲಿ 500 ಮೀಟರ್ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಎಲ್ಲರೂ ಒಟ್ಟಿಗೇ ಹೊರಡುವ ಮಾಸ್ ಸ್ಟಾರ್ಟ್ ಓಟ ಗೆದ್ದ ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ ಕೂಡ ಚಕ್ರದಿಂದ ಬಂದವರೇ. ಮಂಡಿ ಬಗ್ಗಿಸಿ ಸೊಂಟ ಇಳಿಸಿ ಕೂರುವ ಭಂಗಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ ದಾಟಿಸುವುದು, ತಿರುವಿನಲ್ಲಿ ಬಲಗಾಲನ್ನು ಎಡಗಾಲಿನ ಮೇಲಿಂದ ಹಾಯಿಸಿ ಇಡುವುದು, ಇವೆಲ್ಲ ಎರಡಕ್ಕೂ ಒಂದೇ. ಚಕ್ರದವರು ಐಸ್ ಮೇಲೆ ಹೊಸದಾಗಿ ಕಲಿಯಬೇಕಾದದ್ದು ಮುಖ್ಯವಾಗಿ ಬ್ಲೇಡಿನ ಅಂಚನ್ನು ನಂಬುವುದನ್ನು: ಶಾರ್ಟ್ ಟ್ರ್ಯಾಕ್ ಬ್ಲೇಡನ್ನು ಬೂಟಿನ ನಡುವೆ ಕೂರಿಸದೆ ಸ್ವಲ್ಪ ಎಡಕ್ಕೆ ಸರಿಸಿ, ತಿರುವಿನ ದಿಕ್ಕಿಗೆ ತುಸು ಬಾಗಿಸಿರುತ್ತಾರೆ, ಕೈ ನೆಲಕ್ಕೆ ತಾಗುವಷ್ಟು ವಾಲಿದರೂ ಅಂಚು ಐಸನ್ನು ಕಚ್ಚಿ ಹಿಡಿದಿರಲಿ ಎಂದು.

ಆದ್ದರಿಂದ ಸದ್ಯಕ್ಕೆ ನಿಮ್ಮ ಮಗಳ ಶಾಲೆ ಚಕ್ರದ ಮೇಲೆ ಆಡುವ ಸಿಮೆಂಟ್ ಅಂಗಳವೇ ಆಗಿರಲಿ. ನಮ್ಮಲ್ಲಿ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ನೆಲ ಕಾದು ಚಕ್ರದ ರಬ್ಬರು ಮೆತ್ತಗಾಗುತ್ತದೆ, ಅದಿರಿನ ಕೆಂಪು ಧೂಳು ಬೇರಿಂಗಿಗೆ ಇಳಿದು ಚಕ್ರ ಕರಕರ ಎನ್ನತೊಡಗುತ್ತದೆ. ಹಾಗಾಗಿ ನಾನು ಮಕ್ಕಳನ್ನು ನಸುಕಿನಲ್ಲೇ ಇಳಿಸುತ್ತೇನೆ, ಬೇರಿಂಗುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಎಣ್ಣೆ ಬಿಡುವುದನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ. ಚಕ್ರದಲ್ಲಿಯೇ ಮುಂದುವರಿದರೂ ನಷ್ಟವೇನಿಲ್ಲ: ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ 3000 ಮೀಟರ್ ರಿಲೇಯಲ್ಲಿ ಕಂಚು ಗೆದ್ದಿವೆ. ಐಸ್ ಕಡೆಗೂ ನಮ್ಮವರು ಹೊರಗಿನವರಲ್ಲ. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕದ ಸ್ಕೇಟರುಗಳು ಲೇಹ್‌ಗೆ ಹೋಗಿ ಚಿನ್ನ ತಂದಿದ್ದಾರೆ.

ದೇಶದೊಳಗೆ ಐಸ್ ಸಿಗುವ ಜಾಗಗಳು ಕಡಿಮೆ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕೆಂದು ಕಟ್ಟಿದ, ಬಹುಕಾಲ ಮುಚ್ಚಿದ್ದು ಈಚೆಗೆ ಮತ್ತೆ ತೆರೆದ ಒಳಾಂಗಣ ರಿಂಕ್, ಅಂದರೆ ಐಸ್ ಅಂಗಳ, ಇದೆ. ಚಳಿಗಾಲದಲ್ಲಿ ಶಿಮ್ಲಾ ಮತ್ತು ಲೇಹ್‌ನಲ್ಲಿ ನೈಸರ್ಗಿಕ ಐಸ್ ಸಿಗುತ್ತದೆ. ಗುರುಗ್ರಾಮದ ಮಾಲ್ ಒಂದರಲ್ಲಿ ಚಿಕ್ಕ ರಿಂಕ್ ಇದೆ. ಕೊಪ್ಪಳದಿಂದ ಇವೆಲ್ಲ ದೂರವೇ, ಖರ್ಚಿನ ಬಾಬತ್ತೇ. ಹಾಗಾಗಿ ಮಗಳ ತಿರುವು ಚಕ್ರದ ಮೇಲೆ ಗಟ್ಟಿಯಾದ ಮೇಲೆ, ರಜೆಯಲ್ಲಿ ಒಮ್ಮೆ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ರಾಷ್ಟ್ರೀಯ ಸಂಘಕ್ಕೆ ಬರೆದು, ಕರ್ನಾಟಕದಿಂದ ಯಾರ ಮೂಲಕ ನೋಂದಣಿಯಾಗುತ್ತದೆ, ರಾಷ್ಟ್ರೀಯ ಸ್ಪರ್ಧೆ ಯಾವಾಗ ಎಂದು ಕೇಳಿಕೊಳ್ಳಿ. ಐಎಸ್‌ಯು ಸ್ಪರ್ಧೆಗಳಲ್ಲಿ ವಯಸ್ಸನ್ನು ಜುಲೈ 1ಕ್ಕೆ ಲೆಕ್ಕ ಹಾಕುತ್ತಾರಾದ್ದರಿಂದ ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇರುವಂತೆ ಈಗಲೇ ಸರಿಮಾಡಿಸಿ. ಬ್ಲೇಡಿನ ಬೂಟು ಮಾತ್ರ ಈಗ ಕೊಳ್ಳಬೇಡಿ, ಬೆಳೆಯುವ ಕಾಲಿಗೆ ಅದು ಒಂದು ವರ್ಷವೂ ಬರುವುದಿಲ್ಲ. ಮೊದಲ ಸಲಕ್ಕೆ ರಿಂಕಿನ ಬಾಡಿಗೆ ಬೂಟೇ ಸಾಕು.