ಹಳೆಯ ಪತ್ರಿಕೆ ಯಾವ ಆಕರ? ನಿಮ್ಮ ಪ್ರಶ್ನೆ ನೋಡಿ ಹೇಳಬೇಕು

ನಮಸ್ಕಾರ. 1918ರ ಇನ್‌ಫ್ಲುಯೆಂಜಾ ಬಗ್ಗೆ ಪ್ರಬಂಧ ಬರೆಯುತ್ತಿದ್ದೀರಿ, ಆ ವರ್ಷದ ಪತ್ರಿಕೆ ಪ್ರಾಥಮಿಕ ಆಕರವೋ (ನೇರ ಸಾಕ್ಷಿ) ದ್ವಿತೀಯಕವೋ (ಅಂಥ ಸಾಕ್ಷಿಯನ್ನು ಆಧರಿಸಿ ಬೇರೆಯವರು ಬರೆದದ್ದು) ಎಂದು ಕೇಳಿದ್ದೀರಿ. 'ಹಳೆಯದೆಲ್ಲ ಪ್ರಾಥಮಿಕ' ಎಂಬ ಗೆಳೆಯರ ಮಾತನ್ನು ದಯವಿಟ್ಟು ಪಕ್ಕಕ್ಕಿಡಿ. ವಯಸ್ಸು ನೋಡಿ ಇದನ್ನು ಹೇಳಲು ಆಗುವುದಿಲ್ಲ. ನೀವು ಆ ಕಾಗದವನ್ನು ಏನು ಕೇಳುತ್ತೀರಿ ಅನ್ನುವುದೇ ಮುಖ್ಯ.

ಆಗ ಜನರಿಗೆ ರೋಗದ ಬಗ್ಗೆ ಏನು ಹೇಳುತ್ತಿದ್ದರು ಎಂಬುದು ನಿಮ್ಮ ಪ್ರಶ್ನೆಯಾದರೆ ಪತ್ರಿಕೆ ಪ್ರಾಥಮಿಕ ಆಕರವೇ. ಅದರಲ್ಲಿರುವ ತಪ್ಪು ಕೂಡ ನಿಮಗೆ ಸಾಕ್ಷಿ. ಈ ರೋಗಕ್ಕೆ ಬಿದ್ದ 'ಸ್ಪ್ಯಾನಿಷ್ ಫ್ಲೂ' ಎಂಬ ಹೆಸರನ್ನೇ ನೋಡಿ. ಆಗ ಮೊದಲ ಮಹಾಯುದ್ಧದಲ್ಲಿದ್ದ ದೇಶಗಳು ಇಂಥ ಸುದ್ದಿಯನ್ನು ಅದುಮಿಟ್ಟವು. ತಟಸ್ಥವಾಗಿದ್ದ ಸ್ಪೇನ್‌ನ ಪತ್ರಿಕೆಗಳು ಮುಚ್ಚುಮರೆಯಿಲ್ಲದೆ ಬರೆದವು. ಹಾಗಾಗಿ ರೋಗ ಅಲ್ಲಿಂದಲೇ ಬಂತು ಎಂದು ಜನ ನಂಬಿದರು. ಎಷ್ಟು ಚೆನ್ನಾಗಿರುವ ಸುಳಿವು ಅಲ್ವಾ!

ಆದರೆ ಒಂದು ಊರಿನಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿದರೆ ಅದೇ ಪತ್ರಿಕೆ ಬೇರೆಯವರಿಂದ ಕೇಳಿ ಬರೆದದ್ದಾಗುತ್ತದೆ. ಆಗ ಮರಣ ನೋಂದಣಿ ಪುಸ್ತಕ ಹುಡುಕಿ.

1960ರಲ್ಲಿ ಬಂದ ಇತಿಹಾಸದ ಪುಸ್ತಕ ಈ ವಿಷಯಕ್ಕೆ ದ್ವಿತೀಯಕ. 1960ರ ಇತಿಹಾಸಕಾರರು ಹೇಗೆ ಯೋಚಿಸುತ್ತಿದ್ದರು ಎಂಬ ಪ್ರಶ್ನೆಗೆ ಅದೇ ಪ್ರಾಥಮಿಕ. ರೋಗ ಕಂಡವರು ನಲವತ್ತು ವರ್ಷದ ಮೇಲೆ ಬರೆದ ನೆನಪು? ಅದೂ ಪ್ರಾಥಮಿಕವೇ, ಆದರೆ ನೆನಪು ಮಾಸಿರುತ್ತದೆ, ಸುಮ್ನೆ ನಂಬಬೇಡಿ. ಡೈರಿ ಸಿಕ್ಕರೆ ಅದರ ಜೊತೆ ಇಟ್ಟು ಓದಿ.

ಮೊದಲು ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಆ ಸಾಲು ಇಲ್ಲಿ ಹಾಕಿದರೆ ಯಾವ ಆಕರ ಯಾವ ಕಡೆ ಹೋಗುತ್ತದೆ ಎಂದು ಒಟ್ಟಿಗೆ ನೋಡೋಣ.