ನಟ ಬದಲಾಗುತ್ತಲೇ ಇದ್ದರೂ ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಅಭಿಮಾನಿಗಳು ಯಾಕೆ ಬಿಡುವುದಿಲ್ಲ?

ಬದಲಾಗುವುದೇ ಆ ಕಥೆಯ ಜೀವ, ಅದಕ್ಕೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ, ‘ಡಾಕ್ಟರ್’ ಅಂತ ಕರೆಸಿಕೊಳ್ಳುವ ಅನ್ಯಗ್ರಹದವನ ಈ ಬ್ರಿಟಿಷ್ ಕಥೆ ಬಿಬಿಸಿಯಲ್ಲಿ ಶುರುವಾಗಿದ್ದು 1963ರಲ್ಲಿ. ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಾಗ, 1966ರಲ್ಲಿ, ಡಾಕ್ಟರ್ ಸಾಯುವ ಬದಲು ಹೊಸ ದೇಹ ಪಡೆಯುತ್ತಾನೆ ಅಂತ ಕಥೆ ಹೆಣೆದರು. ನಮ್ಮ ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಕ್ಷಗಾನದಲ್ಲಿ ಅದೇ ಕೌರವನನ್ನು ಬೇರೆ ಬೇರೆ ಕಲಾವಿದರು ಮಾಡುತ್ತಾರೆ. ಯಾರದ್ದು ಚೆಂದ ಅಂತ ಮರುದಿನ ಅಡಿಕೆ ಸುಲಿಯುವಾಗಲೂ ವಾದ ನಡೆಯುತ್ತದೆ, ಅಲ್ವಾ?

ನನಗೆ ಜಾಸ್ತಿ ಮನಸ್ಸಿಗೆ ತಟ್ಟುವುದು ಅಭಿಮಾನಿಗಳು ಮಾಡಿದ ಕೆಲಸ. 1960ರ ದಶಕದ ಎಷ್ಟೋ ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತ್ತು. ಆದರೆ ಕೆಲವರು ಮನೆಯಲ್ಲೇ ಟಿವಿಯ ಧ್ವನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಹಾಗಾಗಿ ಚಿತ್ರ ಕಳೆದುಹೋದ ಕಂತುಗಳದ್ದೂ ಧ್ವನಿ ಉಳಿದಿದೆ. ಅದಕ್ಕೆ ಅನಿಮೇಷನ್ ಜೋಡಿಸಿ ಕೆಲವನ್ನು ಮತ್ತೆ ನೋಡುವ ಹಾಗೆ ಮಾಡಿದ್ದಾರೆ. ಎಂಥ ಪ್ರೀತಿ!

1989ರಲ್ಲಿ ಧಾರಾವಾಹಿ ನಿಂತಿತು. 2005ರಲ್ಲಿ ಮರಳಿ ತಂದ ರಸೆಲ್ ಟಿ. ಡೇವಿಸ್ ಚಿಕ್ಕಂದಿನಿಂದ ಅದರ ಅಭಿಮಾನಿ. ಮುಂದೆ ಡಾಕ್ಟರ್ ಪಾತ್ರ ಮಾಡಿದ ಡೇವಿಡ್ ಟೆನೆಂಟ್, ಪೀಟರ್ ಕಪಾಲ್ಡಿ ಕೂಡ ಹಾಗೆಯೇ. ಹೊಸದಾಗಿ ನೋಡುವವರು 2005ರ ಮೊದಲ ಕಂತು ‘ರೋಸ್’ನಿಂದ ಶುರು ಮಾಡಿ. ಹಳೆಯದೇನೂ ಗೊತ್ತಿರಬೇಕಾಗಿಲ್ಲ.