ರಕ್ತದ ವರದಿ ಸರಿಯಿದೆ, ಗಡ್ಡೆ ಮಾತ್ರ ಬೆಳೆಯುತ್ತಿದೆ

ಪ್ರಶ್ನೆ: ನಾನೂ ನನ್ನ ತಮ್ಮನೂ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತೇವೆ. ಅವನಿಗೆ 24 ವರ್ಷ. ವೃಷಣದ ಕ್ಯಾನ್ಸರ್ ಎಂದು ಬಲ ವೃಷಣವನ್ನು ತೆಗೆದರು, ನಾಲ್ಕು ಸುತ್ತು ಕಿಮೊ ಮುಗಿಯಿತು. ರಕ್ತದಲ್ಲಿ ಈ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ, ಬೀಟಾ ಎಚ್‌ಸಿಜಿ ಎರಡೂ ಸಹಜ ಮಟ್ಟಕ್ಕೆ ಇಳಿದಿವೆ. ಆದರೆ ಹೊಟ್ಟೆಯೊಳಗೆ 4 ಸೆಂ.ಮೀ. ಇದ್ದ ಗಡ್ಡೆ ಈಗ 7 ಸೆಂ.ಮೀ. ಆಗಿದೆ. ಔಷಧಿ ನಾಟಲಿಲ್ಲ, ಇನ್ನು ಸಾಕು ಎನ್ನುತ್ತಾರೆ ಮನೆಯವರು. ಮತ್ತೆ ಕಿಮೊ ಕೊಡಿಸಬೇಕೇ?

ಉತ್ತರ: ದಯವಿಟ್ಟು ಕೈಬಿಡಬೇಡಿ. ಚಳ್ಳಕೆರೆ ಕಡೆಯ ಯುವಕನೊಬ್ಬನನ್ನು ಹೀಗೆಯೇ ಮನೆಯಲ್ಲಿ ಕೂರಿಸಿದ್ದರು. ಏಳು ತಿಂಗಳ ಬಳಿಕ ನನ್ನಲ್ಲಿಗೆ ಕರೆತಂದಾಗ ಗಡ್ಡೆ ಮೂತ್ರನಾಳವನ್ನು ಒತ್ತಿ, ಒಂದು ಮೂತ್ರಪಿಂಡ ಊದಿಕೊಂಡಿತ್ತು. ಕಳೆದುಹೋದ ಆ ಏಳು ತಿಂಗಳು ನನ್ನನ್ನು ಇಂದಿಗೂ ಕಾಡುತ್ತವೆ.

ನೀವು ಬರೆದಿರುವುದನ್ನು ನೋಡಿದರೆ ಇದು ‘ಗ್ರೋಯಿಂಗ್ ಟೆರಟೋಮಾ ಸಿಂಡ್ರೋಮ್’ ಇರಬಹುದು. 1982ರಲ್ಲಿ ಲೊಗೊಥೆಟಿಸ್ ಮತ್ತು ಸಂಗಡಿಗರು ಇದನ್ನು ಈ ಹೆಸರಿನಿಂದ ವಿವರಿಸಿದರು. ಅಪರೂಪದ್ದು, ಹಾಗಾಗಿ ಗುರುತು ತಪ್ಪುವುದೂ ಉಂಟು. ಕಾದ ಮರಳಿಗೆ ಅಕ್ಕಿ ಅರಳುತ್ತದೆ, ಅದರೊಳಗಿನ ಕಲ್ಲು ಹಾಗೆಯೇ ಉಳಿಯುತ್ತದೆ. ನಿಮಗೆ ಇದು ದಿನನಿತ್ಯದ ನೋಟ. ಕಿಮೊ ಕ್ಯಾನ್ಸರ್ ಕೋಶಗಳನ್ನು ಕೊಂದಿದೆ, ರಕ್ತದ ವರದಿ ಹೇಳುತ್ತಿರುವುದು ಅದನ್ನೇ. ಅದೇ ಗಡ್ಡೆಯಲ್ಲಿದ್ದ ಟೆರಟೋಮಾ, ಅಂದರೆ ಮೃದ್ವಸ್ಥಿ, ಗ್ರಂಥಿಯಂಥ ಬಲಿತ ಅಂಗಾಂಶ, ಕಿಮೊಗೆ ಜಗ್ಗುವುದಿಲ್ಲ. ವಿಕಿರಣಕ್ಕೂ ಜಗ್ಗುವುದಿಲ್ಲ. ಈ ಕಲ್ಲು ಬೆಳೆಯುತ್ತದೆ ಎಂಬುದೇ ಕಷ್ಟ. ಸುಮ್ಮನೆ ಬಿಟ್ಟರೆ ಮುಂದೆ ಅದರಲ್ಲಿಯೇ ಬೇರೆ ಬಗೆಯ ಕ್ಯಾನ್ಸರ್ ಹುಟ್ಟಬಹುದು.

ಆದ್ದರಿಂದ ಐದನೆಯ ಸುತ್ತು ಕಿಮೊ ಅಲ್ಲ, ಗಡ್ಡೆಯನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ತೆಗೆದ ಗಡ್ಡೆಯ ಪರೀಕ್ಷೆಯಲ್ಲಿ ಬಲಿತ ಟೆರಟೋಮಾ ಮಾತ್ರ ಕಂಡರೆ ಇದು ಗ್ರೋಯಿಂಗ್ ಟೆರಟೋಮಾ ಸಿಂಡ್ರೋಮ್ ಎಂಬುದು ಖಚಿತವಾದಂತೆ. ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಚೆನ್ನಾಗಿದೆ ಎಂದು ನೆಮ್ಮದಿಪಡಬೇಡಿ, ಟೆರಟೋಮಾ ಅದರಲ್ಲಿ ಕಾಣದೇ ಹೋಗಬಹುದು.

ಗಡ್ಡೆ ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಿರಬಹುದು. ಇಂಥದ್ದನ್ನು ಮಾಡಿ ಪಳಗಿದ ಕೈಯೇ ಬೇಕು. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಎಲ್ಲ ಸ್ಕ್ಯಾನ್‌ಗಳನ್ನೂ ಮೊದಲ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದ ಗಾಜಿನ ಸ್ಲೈಡುಗಳನ್ನೂ ಒಯ್ಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆಂದು ವಿಚಾರಿಸಿ.

ಇನ್ನೆರಡು ಮಾತು. ಈ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಸ್ಖಲನದ ನರಗಳಿಗೆ ಪೆಟ್ಟಾಗಬಹುದು. ವೀರ್ಯವನ್ನು ಮೊದಲೇ ಶೇಖರಿಸಿಡುವ ಬಗ್ಗೆ ತಮ್ಮನೇ ಸಂಕೋಚವಿಲ್ಲದೆ ಕೇಳಲಿ. ಕಿಮೊದಲ್ಲಿ ಬ್ಲಿಯೋಮೈಸಿನ್ ಕೊಟ್ಟಿದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಿ. ಅದು ಶ್ವಾಸಕೋಶವನ್ನು ಬಾಧಿಸುವ ಔಷಧಿ, ಆಮ್ಲಜನಕ ಎಷ್ಟು ಕೊಡಬೇಕೆಂದು ಅವರು ಅದನ್ನು ನೋಡಿಯೇ ನಿರ್ಧರಿಸುತ್ತಾರೆ.